ಹಿಮದ ಮೇಲೆ ತೋಟದ ಕೂಗು

ಅಲ್ಲಿ ಯಾರೂ ಕೂಗಲಿಲ್ಲ. ಆದರೂ ನನಗೆ ಕೇಳಿಸಿತು. ಎಂಟು ವರ್ಷದಿಂದ ಪಕ್ಕದಲ್ಲೇ ಸಿಡಿಲು ಬಡಿದರೂ ಕೇಳಿಸದ ನನ್ನ ಗಂಡನಿಗೂ ಕೇಳಿಸಿತು. ನಡೆದದ್ದು ಇಷ್ಟೇ. ಇದಕ್ಕಿಂತ ಹೆಚ್ಚಿಗೆ ಯಾರಾದರೂ ಹೇಳಿದರೆ ಅವರು ಸೇರಿಸಿ ಹೇಳುತ್ತಿದ್ದಾರೆ ಎಂದುಕೊಳ್ಳಿ. ಇಷ್ಟೂ ನಡೆದಿಲ್ಲ ಎನ್ನುವವರು ಅಲ್ಲಿ ಇರಲಿಲ್ಲ.

ನಾನು ಇಂಥದ್ದನ್ನು ನಂಬುವವಳಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಹಾಗಾಗಿ ಇದು ಓದಿನಿಂದ ಬಂದ ಬುದ್ಧಿ ಎಂದು ಹೇಳಿಕೊಳ್ಳುವ ಹಾಗಿಲ್ಲ. ಕಣ್ಣಿಂದ ನೋಡಿ ನೋಡಿ ಬಂದದ್ದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ವಾರಗಿತ್ತಿ, ತೋಟದ ಬಾವಿಯೊಳಗೆ ಯಾರೋ ಹೆಂಗಸು ಅಳುತ್ತಾಳೆ ಎಂದು ಮೂರು ದಿನ ಊಟ ಬಿಟ್ಟು ಮಲಗಿದ್ದಳು. ಊರೆಲ್ಲ ಬಂದು ಅವಳಿಗೆ ಬೇವಿನ ಸೊಪ್ಪು ನಿವಾಳಿಸಿತು. ನಾನು ಬಾವಿಗೆ ಹೋಗಿ ಬಗ್ಗಿ ನೋಡಿದೆ. ಪಂಪಿನ ಪೈಪಿಗೆ ಗಾಳಿ ಸೇರಿ ಗೊರಗೊರ ಎನ್ನುತ್ತಿತ್ತು. ರಿಪೇರಿಯವನು ಬಂದು ಸರಿಮಾಡಿದ ಮೇಲೆ ಆ ಹೆಂಗಸು ಅಳುವುದನ್ನು ನಿಲ್ಲಿಸಿದಳು. ಅವತ್ತಿನಿಂದ ಯಾರು ಏನು ಕಂಡೆ, ಏನು ಕೇಳಿದೆ ಎಂದರೂ ನಾನು ಮೊದಲು ಪೈಪು ಎಲ್ಲಿದೆ ಎಂದು ಹುಡುಕುತ್ತೇನೆ.

ಈ ವಿಷಯದಲ್ಲಿ ಮಾತ್ರ ನಾಲ್ಕು ವರ್ಷ ಹುಡುಕಿದರೂ ಪೈಪು ಸಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮಾಯಸಂದ್ರದ ಹತ್ತಿರ ತೆಂಗಿನ ತೋಟ. ನಮ್ಮ ಯಜಮಾನರು ತೋಟದ ಮಾಲೀಕರಾದರೂ ಕಾಯಿ ಕೀಳಿಸಲು ಆಳಿಗೆ ಕಾಯುತ್ತಿರಲಿಲ್ಲ. ಅರವತ್ತು ವರ್ಷವಾಗುವ ತನಕ ತಮ್ಮ ಮರಗಳನ್ನು ತಾವೇ ಹತ್ತುತ್ತಿದ್ದರು. ಅವರು ಹತ್ತುವುದನ್ನು ನೋಡಬೇಕಿತ್ತು. ಕೆಲವರು ಮರದ ಜೊತೆ ಜಗಳಕ್ಕೆ ಹೋದಂತೆ ಹತ್ತುತ್ತಾರೆ. ಇವರು ಮೆಟ್ಟಿಲು ಹತ್ತಿ ಮಹಡಿಗೆ ಹೋಗುವವರ ಹಾಗೆ ಹೋಗುತ್ತಿದ್ದರು. ಇದನ್ನು ಅವರ ಮುಂದೆ ಎಂದೂ ಹೇಳಿದವಳಲ್ಲ. ಹೊಗಳಿದರೆ ಇನ್ನೂ ಹತ್ತು ಮರ ಹತ್ತಿಬಿಡುತ್ತಿದ್ದರು.

ಆಮೇಲೆ ಕಿವಿ ಹೋಯಿತು. ಮೊದಲು ಎಡಗಡೆಯದು, ಒಂದು ವರ್ಷ ಕಳೆದು ಬಲಗಡೆಯದು. ತುಮಕೂರಿನ ಡಾಕ್ಟರು ಪರೀಕ್ಷೆ ಮಾಡಿ, ಒಳಗಿನ ನರವೇ ಒಣಗಿದೆ, ಇನ್ನು ಬರುವುದಿಲ್ಲ ಎಂದರು. ಕಿವಿಗೆ ಹಾಕುವ ಮಿಷನ್ನನ್ನೂ ತಂದೆವು. ಅದರಲ್ಲಿ ಮಾತು ಕೇಳಿಸುವುದಿಲ್ಲ, ಹಿಟ್ಟಿನ ಗಿರಣಿಯೊಳಗೆ ಕೂತಂತೆ ಆಗುತ್ತದೆ ಎಂದು ತೆಗೆದು ಡಬ್ಬಿಗೆ ಹಾಕಿದವರು ಮತ್ತೆ ಮುಟ್ಟಲಿಲ್ಲ. ಅವರು ಮಾತಾಡುತ್ತಾರೆ, ನಾವು ಕೈಸನ್ನೆ ಮಾಡುತ್ತೇವೆ. ಹಾಗೇ ಸಂಸಾರ ಸಾಗುತ್ತಿದೆ. ಒಂದೇ ಭಯ. ಅವರನ್ನು ಹಿಂದಿನಿಂದ ಕರೆಯಲು ಆಗುವುದಿಲ್ಲ. ತುರುವೇಕೆರೆಯಲ್ಲಿ ಒಂದು ಸಲ ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು, ಇವರು ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ಜನರೆಲ್ಲ ಕಿರುಚಿದರು. ಹೂವಿನ ಹೆಂಗಸೊಬ್ಬಳು ಎದ್ದು ಬಂದು ಅಂಗಿ ಹಿಡಿದು ಎಳೆದಳು. ಅವತ್ತಿನಿಂದ ಊರು ದಾಟಿದರೆ ಅವರ ಕೈ ಹಿಡಿದುಕೊಳ್ಳುವುದು ನನ್ನ ಕೆಲಸ.

ಹಿಮ ನೋಡುವ ಆಸೆ ಅವರದೇ. ಸದ್ದಿಲ್ಲದ ಟಿವಿಯನ್ನು ಹಗಲೆಲ್ಲ ನೋಡುತ್ತಿದ್ದವರು ಒಂದು ದಿನ ನನ್ನ ಸೊಸೆ ಶೈಲಳ ಕೈ ಹಿಡಿದು ಎಳೆದುಕೊಂಡು ಬಂದು ಟಿವಿಯ ಮುಂದೆ ನಿಲ್ಲಿಸಿದರು. ಯಾವುದೋ ಬೆಟ್ಟದಲ್ಲಿ ಹಿಮ ಬೀಳುತ್ತಿತ್ತು.

"ಇದು ಬೀಳೋವಾಗ ಸದ್ದು ಬತ್ತದಾ?" ಎಂದು ಕೇಳಿದರು.

ಶೈಲ ಮೊಬೈಲಿನಲ್ಲಿ ನೋಡಿ, ಇಲ್ಲ, ಯಾರಿಗೂ ಕೇಳಿಸುವುದಿಲ್ಲ ಎಂದು ತನ್ನ ಕಿವಿ ಮುಟ್ಟಿ ಕೈ ಆಡಿಸಿದಳು.

"ಯಾರ್ಗೂ ಕೇಳ್ಸಕಿಲ್ವಾ? ಹಂಗಾರೆ ಅದುನ್ನ ಒಂದ್ಸಲ ನೋಡ್ಬೇಕು ಕಣವ್ವ" ಎಂದರು.

ಐವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ತನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟಿದ್ದು ನಾನು ಕೇಳಿರಲಿಲ್ಲ. ಆದರೂ ಶೈಲ ಹೊರಡುವ ಏರ್ಪಾಟಿಗೆ ಇಳಿದಾಗ ಬೇಡವೆಂದು ಹಟ ಹಿಡಿದವಳು ನಾನೇ. ಕಿವಿ ಕೇಳದವರನ್ನು ಕರೆದುಕೊಂಡು ದೇಶದ ಇನ್ನೊಂದು ತುದಿಗೆ ಹೋಗುತ್ತೀಯಲ್ಲ, ಜಾರುವ ನೆಲ, ಮೈಮೇಲೆ ಬರುವ ಲಾರಿಗಳು, ಏನಾದರೂ ಆದರೆ ಕೂಗಿ ಎಚ್ಚರಿಸಲು ಆಗುತ್ತದೆಯೇ ಎಂದು ಶೈಲಳನ್ನು ಬೈದೆ.

"ಕೂಗಕ್ಕಾಗಲ್ಲ ಅತ್ತೆ, ಅದ್ಕೇ ಕೈ ಹಿಡ್ಕಳಕ್ಕೆ ನೀವೂ ಬತ್ತಿದೀರಿ" ಎಂದಳು. ನನ್ನ ಬಾಯಿ ಮುಚ್ಚಿಸಿದವರು ಕಡಿಮೆ. ಅವಳು ಆ ಪಟ್ಟಿಗೆ ಅವತ್ತು ಸೇರಿದಳು.

ಸಂಕ್ರಾಂತಿ ಮುಗಿಸಿ ಹೊರಟೆವು. ನಾವಿಬ್ಬರು, ಮಗ ಗಿರೀಶ, ಸೊಸೆ ಶೈಲ, ಕಾಲೇಜು ಸೇರಿದ್ದ ಮೊಮ್ಮಗಳು ಕಾವ್ಯ. ನಮ್ಮದೇ ಹಳೆಯ ಕಾರು. ಶಿರಾ ದಾಟಿ ಹೆದ್ದಾರಿ ಹಿಡಿದ ಮೇಲೆ ಐದು ದಿನ ಅದೇ ನಮ್ಮ ಮನೆ. ಗಿರೀಶನೂ ಶೈಲಳೂ ಸರದಿಯಲ್ಲಿ ಓಡಿಸಿದರು. ಶೈಲ ನಮ್ಮ ಗೂಡ್ಸ್ ಗಾಡಿಯಲ್ಲಿ ತೆಂಗಿನ ಮಟ್ಟೆ ಸಾಗಿಸುತ್ತ ಓಡಿಸುವುದನ್ನು ಕಲಿತವಳು. ಹೆಂಗಸಿಗೆ ಯಾಕಮ್ಮ ಇದು ಎಂದು ಆಗ ನಾನು ಮೂತಿ ತಿರುವಿದ್ದೆ. ಈಗ ಹಿಂದಿನ ಸೀಟಿನಲ್ಲಿ ಕೂತು ನೋಡಿದೆ. ಮಗ ಓಡಿಸುವಾಗ ನನಗೆ ನಿದ್ದೆ ಬರುತ್ತಿರಲಿಲ್ಲ, ಅವಳು ಓಡಿಸುವಾಗ ಗೊರಕೆ ಹೊಡೆದೆನಂತೆ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನ್ನ ಹತ್ತಿರ ಇಲ್ಲ.

ಹಿಂದಿ ಸೀಮೆ ಶುರುವಾದ ಮೇಲೆ ಇನ್ನೊಂದು ವಿಚಿತ್ರ ನಡೆಯಿತು. ನಾನು, ಗಿರೀಶ ಇಬ್ಬರೂ ಬಾಯಿ ಸತ್ತವರ ಹಾಗಾದೆವು. ಶೈಲಳಿಗೆ ಅರೆಬರೆ ಹಿಂದಿ ಬರುತ್ತಿತ್ತು, ಅಷ್ಟೇ. ಯಜಮಾನರಿಗೆ ಮಾತ್ರ ಏನೂ ವ್ಯತ್ಯಾಸವಾಗಲಿಲ್ಲ. ಅವರು ಊರಲ್ಲೂ ಸನ್ನೆಯಲ್ಲೇ ಬದುಕುವವರು, ಅಲ್ಲೂ ಸನ್ನೆಯಲ್ಲೇ ಬದುಕಿದರು. ಢಾಬಾದ ಅಡುಗೆಯವನ ಹತ್ತಿರ ಹೋಗಿ, ಎರಡು ಅಂಗೈಯಲ್ಲಿ ಉಂಡೆ ಕಟ್ಟಿ ತೋರಿಸಿ, ನಾವು ತಂದಿದ್ದ ರಾಗಿ ಹಿಟ್ಟನ್ನು ಕೊಟ್ಟು, ಅವನ ಒಲೆಯ ಮೇಲೆ ನನ್ನಿಂದ ಮುದ್ದೆ ಮಾಡಿಸಿದರು. ಅವನಿಗೂ ಒಂದು ಕೊಟ್ಟರು. ಅವನು ಅಗಿದು ಅಗಿದು ಸುಸ್ತಾದ. ಅಗಿಯಬೇಡ, ನುಂಗು ಎಂದು ಗಂಟಲು ತೋರಿಸಿ ಹೇಳಿಕೊಟ್ಟದ್ದೂ ಇವರೇ. ಇಬ್ಬರೂ ನಕ್ಕು ನಕ್ಕು ಸಾಕಾದರು. ಎಂಟು ವರ್ಷದಲ್ಲಿ ಯಜಮಾನರು ಹೊಸಬರೊಬ್ಬರ ಜೊತೆ ಅಷ್ಟು ಹೊತ್ತು ಕೂತದ್ದನ್ನು ನಾನು ನೋಡಿರಲಿಲ್ಲ. ದಾರಿಯುದ್ದಕ್ಕೂ ಕೈ ಹಿಡಿದಿದ್ದವಳು ನಾನು, ಆದರೆ ನಡೆಸಿಕೊಂಡು ಹೋದವರು ಅವರು ಎನ್ನಿಸಿತು.

ಹಾಗೆಂದು ಭಯ ಹೋಗಿರಲಿಲ್ಲ. ಪ್ರತಿ ಪೆಟ್ರೋಲ್ ಬಂಕಿನಲ್ಲಿ, ಪ್ರತಿ ರಸ್ತೆ ದಾಟುವಾಗ ನನ್ನ ಬೆರಳು ಅವರ ಬೆರಳಿನಲ್ಲಿ ಇರುತ್ತಿತ್ತು. ಮೂತ್ರಕ್ಕೆ ಹೋದರೂ ಗಿರೀಶನನ್ನು ಹಿಂದೆ ಕಳಿಸುತ್ತಿದ್ದೆ.

ಆರನೇ ದಿನ ಮನಾಲಿಯಿಂದ ಮೇಲಕ್ಕೆ ಹೋದೆವು. ದಾರಿಯಲ್ಲಿ ಬಾಡಿಗೆಗೆ ದಪ್ಪ ಕೋಟು, ಮೊಣಕಾಲಿನವರೆಗಿನ ರಬ್ಬರ್ ಬೂಟು ಕೊಟ್ಟರು. ನನ್ನ ಬೂಟು ಒಂದು ಅಳತೆ ದೊಡ್ಡದು. ಬೆಟ್ಟದ ಹೊಟ್ಟೆಯನ್ನೇ ಕೊರೆದು ಮಾಡಿದ ಉದ್ದನೆಯ ಸುರಂಗ ಬಂತು. ಒಳಗೆ ಹೋಗುವಾಗ ಮಣ್ಣಿನ ಬಣ್ಣದ ಬೆಟ್ಟಗಳು, ಅಲ್ಲಲ್ಲಿ ಬಿಳಿ. ಆಚೆ ಬಂದಾಗ ಮಣ್ಣೇ ಇಲ್ಲ.

ಅದನ್ನು ಹೇಗೆ ಹೇಳಲಿ. ನಾನು ಬಿಳಿ ಎಂದರೆ ಸುಣ್ಣ, ಹತ್ತಿ, ಈಗತಾನೇ ಒಡೆದ ಕಾಯಿಯ ಒಳಗು ಇಷ್ಟು ಕಂಡವಳು. ಇದು ಅವು ಯಾವುದೂ ಅಲ್ಲ. ನೆಲ ಬಿಳಿ, ಬೆಟ್ಟ ಬಿಳಿ, ಮನೆಗಳ ತಲೆ ಬಿಳಿ, ಅದರ ಮೇಲೆ ಬಿಸಿಲು. ಯಾರೂ ಇನ್ನೂ ಬಳಸದ ಜಾಗದ ಹಾಗಿತ್ತು. ದೇವರು ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ, ಕೆಲಸ ಮಾಡಿದವರು ಯಾರೇ ಆಗಲಿ, ಅಚ್ಚುಕಟ್ಟಾಗಿ ಮಾಡಿದ್ದರು.

ಕಾರಿನಿಂದ ಇಳಿದಾಗ ನನಗೆ ಮೊದಲು ಗೊತ್ತಾದದ್ದು ಚಳಿಯಲ್ಲ, ಸದ್ದಿಲ್ಲದಿರುವುದು. ರಸ್ತೆಯಿಂದ ಸ್ವಲ್ಪ ದೂರ ನಡೆದೆವು. ನಡೆದರೆ ಹೆಜ್ಜೆಯ ಸದ್ದನ್ನು ಹಿಮ ನುಂಗುತ್ತಿತ್ತು. ಹತ್ತು ಮಾರು ದೂರದಲ್ಲಿ ಗಿರೀಶ ಏನೋ ಹೇಳಿದ, ತುಟಿ ಆಡಿದ್ದು ಕಂಡಿತೇ ಹೊರತು ಮಾತು ಸರಿಯಾಗಿ ಬರಲಿಲ್ಲ. ನಾನು ಕೈ ಆಡಿಸಿ, ಏನು ಎಂದು ಸನ್ನೆ ಮಾಡಿದೆ. ಅವನೂ ಸನ್ನೆ ಮಾಡಿದ. ಯಜಮಾನರು ಇದನ್ನು ನೋಡುತ್ತ ನಿಂತಿದ್ದರು.

"ಇವತ್ತು ನಿಮ್ಗೂ ನನ್ನಂಗೇ ಆಯ್ತು ನೋಡು" ಎಂದರು. ಗೆಲುವಾಗಿ ಹೇಳಿದರು, ಕುಹಕವಾಗಿ ಅಲ್ಲ. ನಮ್ಮನ್ನೆಲ್ಲ ಮನೆಗೆ ಊಟಕ್ಕೆ ಕರೆದವರ ಹಾಗೆ. ಆಮೇಲೆ ಕೂತು ಅಂಗೈಯನ್ನು ಹಿಮದ ಮೇಲೆ ಊರಿದರು. ಅಂಗೈಯ ಗುರುತು ಬಿತ್ತು. ಅದನ್ನು ಬಹಳ ಹೊತ್ತು ನೋಡಿದರು. ಕಾವ್ಯ ಇದನ್ನೆಲ್ಲ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು.

ಅಲ್ಲಿಂದ ಸ್ವಲ್ಪ ಮೇಲೆ ಬೀಗ ಹಾಕಿದ್ದ ಒಂದು ಮರದ ಕಟ್ಟಡವಿತ್ತು. ಎರಡಂತಸ್ತಿನದು, ಮೇಲೆ ಇಳಿಜಾರಾದ ತಗಡಿನ ಮಾಡು. ಮಾಡಿನ ಮೇಲೆ ಒಂದಾಳಿನ ಎದೆಯಷ್ಟು ದಪ್ಪಕ್ಕೆ ಹಿಮ ಕೂತಿತ್ತು. ಸೂರಿನ ಅಂಚಿನಿಂದ ಹೆಪ್ಪುಗಟ್ಟಿದ ನೀರು ಮೊಳದುದ್ದ ಗಾಜಿನ ಕೋಲುಗಳ ಹಾಗೆ ಸಾಲಾಗಿ ಇಳಿಬಿದ್ದಿತ್ತು. ಅದರ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಯಜಮಾನರು ಅತ್ತ ಹೊರಟರು. ನಾನೂ ಕೈ ಹಿಡಿದು ಹೊರಟೆ. ನಾಲ್ಕು ಹೆಜ್ಜೆಗೆ ನನ್ನ ಎಡಗಾಲು ಮೊಣಕಾಲಿನ ತನಕ ಹೂತುಕೊಂಡಿತು. ಕಾಲು ಎಳೆದರೆ ಕಾಲು ಬಂತು, ಬೂಟು ಒಳಗೇ ಉಳಿಯಿತು. ಎರಡು ಕೈಯಿಂದ ಅದನ್ನು ಕೀಳಬೇಕಾಯಿತು. ಅವರ ಕೈ ಬಿಟ್ಟೆ.

ಬಿಟ್ಟೆ ಎಂದು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಅವರು ಬಿಡಿಸಿಕೊಂಡು ಹೋದರು ಎಂದು ನಾನು ಊರಲ್ಲಿ ಹೇಳಿದ್ದು ಸುಳ್ಳು.

ಬೂಟಿನೊಳಗಿನ ಹಿಮ ಕೊಡವಿ ಕಾಲು ತೂರಿಸಿ ಗಿರೀಶನ ಆಸರೆಯಲ್ಲಿ ಅಲ್ಲೇ ಇದ್ದ ಒಂದು ಲೈಟು ಕಂಬದ ಹತ್ತಿರ ಬಂದೆ. ಗಿರೀಶ ಅಪ್ಪನ ಕಡೆ ಹೊರಟ. ನಾನು ತಲೆ ಬಗ್ಗಿಸಿ ಬೂಟನ್ನೇ ನೋಡುತ್ತಿದ್ದೆ. ಆಗ ಕೂಗು ಬಂತು.

"ಕಾಯ್ ಬಂತೂ... ಬುಡಕ್ಕೇ!"

ತೆಂಗಿನ ಸೀಮೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಮರದ ಮೇಲಿನವನು ಗೊನೆ ಕಡಿದು ಕೆಡವುವ ಮುಂಚೆ ಹೀಗೆ ಕೂಗುತ್ತಾನೆ. ಕೆಳಗೆ ಕಾಯಿ ಆಯುವವರು ಮೇಲಕ್ಕೆ ನೋಡಬಾರದು, ದೂರಕ್ಕೆ ಓಡಲೂಬಾರದು. ಮರದ ಬುಡಕ್ಕೆ ಹೋಗಿ ಬೊಡ್ಡೆಗೆ ಅಂಟಿಕೊಳ್ಳಬೇಕು. ಮೇಲಿನವನು ಗೊನೆಯನ್ನು ಆಚೆಗೆ ದೂಡಿ ಬಿಡುವುದರಿಂದ ಬುಡದಲ್ಲಿದ್ದವರಿಗೆ ಪೆಟ್ಟಾಗುವುದಿಲ್ಲ, ಓಡುವವರ ತಲೆಯ ಮೇಲೇ ಬೀಳುತ್ತದೆ. ಹೊಸಬರು ಓಡುತ್ತಾರೆ. ಚಿಕ್ಕಂದಿನಿಂದ ತೋಟದಲ್ಲಿ ಬೆಳೆದವರಿಗೆ ಇದನ್ನು ಯೋಚಿಸುವ ಅಗತ್ಯವೇ ಇಲ್ಲ. ಕೂಗು ಬಿದ್ದರೆ ಮೈ ತಾನೇ ಬುಡಕ್ಕೆ ಹೋಗಿರುತ್ತದೆ.

ನನ್ನ ಮೈ ಹೋಯಿತು. ಕಣ್ಣು ಬಿಟ್ಟಾಗ ಲೈಟು ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತಿದ್ದೆ. ಅದೇ ಹೊತ್ತಿಗೆ ಶೈಲ, "ಮಾವಾ, ಈ ಕಡೆ!" ಎಂದು ಕಿರುಚಿದಳು. ತಿರುಗಿ ನೋಡಿದೆ. ಯಜಮಾನರು ಆ ಕಟ್ಟಡದ ಗೋಡೆಗೆ ಎದೆ ಕೊಟ್ಟು ಅಂಟಿಕೊಂಡಿದ್ದರು. ಅವರ ತಲೆಯ ಮೇಲೆ ಮಾಡಿನ ಹಿಮವೆಲ್ಲ ಒಂದೇ ತುಂಡಾಗಿ ಜಾರುತ್ತಿತ್ತು. ಆಮೇಲೆ ಬಿತ್ತು. ಅದಕ್ಕೆ ಸದ್ದಿತ್ತು. ಹಿಮಕ್ಕೆ ಸದ್ದಿಲ್ಲ ಎಂದವರು ಬೀಳುವ ಚೂರುಗಳನ್ನು ನೋಡಿ ಹೇಳಿದ್ದು. ಲಾರಿಯಿಂದ ಜಲ್ಲಿ ಸುರಿದ ಹಾಗೆ ನನ್ನ ಕಾಲಡಿಯ ನೆಲ ಅದುರಿತು. ಬಿಳಿ ಹೊಗೆ ಎದ್ದು ಕಟ್ಟಡವೂ ಕಾಣಲಿಲ್ಲ, ಅವರೂ ಕಾಣಲಿಲ್ಲ.

ನಾನು ಅಳಲಿಲ್ಲ, ಕೂಗಲೂ ಇಲ್ಲ. ಕೂಗಿ ಏನು ಪ್ರಯೋಜನ? ಕೈ ಬಿಟ್ಟೆ, ಮುಗಿಯಿತು ಎಂದುಕೊಂಡೆ. ಅಷ್ಟೇ ತಲೆಯಲ್ಲಿ ಇದ್ದದ್ದು.

ಹೊಗೆ ಇಳಿಯಿತು. ಗೋಡೆಯಿಂದ ಒಂದು ಗಜ ಬಿಟ್ಟು ಆಳೆತ್ತರದ ಗುಡ್ಡೆ ಬಿದ್ದಿತ್ತು. ಗಿರೀಶ, ಶೈಲ ಇಬ್ಬರೂ ಬರಿಗೈಯಿಂದ ಅದನ್ನು ಬಗೆಯತೊಡಗಿದರು. ಅಷ್ಟರಲ್ಲಿ ಗುಡ್ಡೆಯ ಹಿಂದಿನಿಂದ, ಗೋಡೆಯ ಮಗ್ಗುಲಿಗೆ, ಮೊದಲು ಒಂದು ಗಾಜಿನ ಕೋಲು ಕಂಡಿತು. ಅದನ್ನು ಹಿಡಿದಿದ್ದ ಕೈ ಕಂಡಿತು. ಆಮೇಲೆ ಅಡ್ಡಡ್ಡ ಹೆಜ್ಜೆ ಇಡುತ್ತ ಯಜಮಾನರು ಈಚೆ ಬಂದರು. ಟೋಪಿಯ ಮೇಲೆ ಒಂದಿಷ್ಟು ಪುಡಿ ಬಿಟ್ಟರೆ ಮೈಮೇಲೆ ಏನೂ ಇರಲಿಲ್ಲ. ಗಿರೀಶ ಅಪ್ಪನನ್ನು ತಬ್ಬಿಕೊಂಡ. ಅವರು ಅವನ ಭುಜದ ಮೇಲಿನಿಂದ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ಕೇಳಿದರು:

"ಯಾರು ಕೂಗಿದ್ದು?"

ಯಾರೂ ಕೂಗಿಲ್ಲ ಎಂದು ಗಿರೀಶ ತಲೆ ಆಡಿಸಿದ.

"ಕೂಗುದ್ರು ಕಣ್ಲಾ. ಕಾಯ್ ಬಂತು, ಬುಡಕ್ಕೆ ಅಂತ. ಎಡಗಿವೀಲಿ ಕೇಳುಸ್ತು."

ನಾನು ಅಲ್ಲಿಯ ತನಕ ಬಾಯಿ ತೆರೆದಿರಲಿಲ್ಲ. ಗಾಬರಿಯಲ್ಲಿ ನನ್ನ ಕಿವಿ ಏನೋ ಹೇಳಿರಬೇಕು ಎಂದು ಒಳಗೊಳಗೇ ತಳ್ಳಿಹಾಕುತ್ತಿದ್ದೆ. ಈಗ ತಳ್ಳಲು ಆಗಲಿಲ್ಲ. ನನಗೆ ಕೇಳಿಸಿದ ಮಾತನ್ನೇ, ಅದೇ ಅಕ್ಷರಗಳಲ್ಲಿ, ನಾನು ಯಾರಿಗೂ ಹೇಳುವ ಮುಂಚೆ ಆ ಮನುಷ್ಯ ಹೇಳಿದ್ದರು.

"ನಾನೂ ಕೇಳ್ದೆ ಕಣಪ್ಪ" ಎಂದೆ ಮಗನಿಗೆ.

ನೀನೇ ಕೂಗಿರಬೇಕು ಅವ್ವ ಎಂದ ಅವನು. ಅದೂ ನ್ಯಾಯವೇ. ಆದರೆ ಕಾವ್ಯಳ ವಿಡಿಯೋ ಇತ್ತಲ್ಲ. ಕಾರಿನಲ್ಲಿ ಕೂತು ಐದೂ ಜನ ಅದನ್ನು ಹತ್ತು ಸಲವಾದರೂ ನೋಡಿದೆವು. ಅದರಲ್ಲಿ ಗಾಳಿಯ ಸದ್ದಿದೆ. ಕಾವ್ಯ ಮೂಗು ಎಳೆದುಕೊಂಡದ್ದೂ ಇದೆ. ನಾನು ಬಾಯಿಗೆ ಶಾಲು ಸುತ್ತಿಕೊಂಡು ತಲೆ ತಗ್ಗಿಸಿ ನಿಂತಿದ್ದೇನೆ. ದೂರದಲ್ಲಿ ಯಜಮಾನರು, ಬಿದ್ದಿದ್ದ ಗಾಜಿನ ಕೋಲೊಂದನ್ನು ಎತ್ತಿಕೊಳ್ಳಲು ಬಗ್ಗಿದ್ದಾರೆ. ನಮ್ಮ ಮುಖ ಬೇರೆ ಬೇರೆ ಕಡೆ ಇದೆ. ಇಬ್ಬರ ನಡುವೆ ಮೂವತ್ತು ಹೆಜ್ಜೆಯಾದರೂ ಇದೆ. ಕೂಗು ಇಲ್ಲ. ಯಾವ ಕೂಗೂ ಇಲ್ಲ. ಇದ್ದಕ್ಕಿದ್ದ ಹಾಗೆ ಅವರು ಗೋಡೆಗೆ ಹೋಗುತ್ತಾರೆ, ನಾನು ಕಂಬಕ್ಕೆ ಹೋಗುತ್ತೇನೆ, ಒಂದೇ ಕ್ಷಣದಲ್ಲಿ. ಒಂದು ಉಸಿರು ಕಳೆಯುತ್ತದೆ. ಆಮೇಲೆ ಹಿಮ ಜಾರುತ್ತದೆ, ಶೈಲ ಕಿರುಚುತ್ತಾಳೆ.

"ಅಜ್ಜಿ ಕಂಬ ತಬ್ಕೊಂಡವ್ಳೆ ನೋಡು" ಎಂದು ಕಾವ್ಯ ನಗಲು ನೋಡಿದಳು. ಅರ್ಧಕ್ಕೇ ನಿಲ್ಲಿಸಿದಳು.

ನಾನು ಪೈಪು ಹುಡುಕಲು ಹೊರಟೆ. ಅಲ್ಲಿ ಇನ್ನೂ ಏಳೆಂಟು ಗಾಡಿಗಳಿದ್ದವು. ಶೈಲಳನ್ನು ಜೊತೆಗೆ ಕರೆದುಕೊಂಡು ಪ್ರತಿಯೊಬ್ಬರ ಹತ್ತಿರ ಹೋಗಿ ನಮ್ಮ ಕಡೆಯವರು ಯಾರಾದರೂ ಇದ್ದೀರಾ ಎಂದು ಕೇಳಿಸಿದೆ. ಯಾರೂ ಇರಲಿಲ್ಲ. ಕನ್ನಡ ಎಂಬುದೊಂದಿದೆ ಎಂದು ಕೆಲವರಿಗೆ ನನ್ನಿಂದಲೇ ಗೊತ್ತಾಯಿತು. ಕನ್ನಡದವರಿದ್ದರೂ ಸಾಲದು, ತೋಟದ ಕೂಗು ಗೊತ್ತಿರಬೇಕಲ್ಲ. ಟೀ ಮಾರುವ ಸ್ಥಳೀಯ ಮುದುಕನೊಬ್ಬ ಬಂದು ಗುಡ್ಡೆ ನೋಡಿದ. ಬಿಸಿಲೇರಿದಾಗ ತಗಡಿನ ಮೇಲಿನ ಹಿಮ ಹೀಗೆ ಜಾರುವುದು ಅವರಿಗೆ ಹೊಸದಲ್ಲವಂತೆ. ಜನ ಸತ್ತದ್ದೂ ಉಂಟಂತೆ. ಗಾಬರಿಬಿದ್ದವರು ಆಚೆಗೆ ಓಡುತ್ತಾರೆ, ಓಡಿದ ಜಾಗಕ್ಕೇ ಬೀಳುತ್ತದೆ, ಗೋಡೆಗೆ ಅಂಟಿಕೊಳ್ಳಬೇಕೆಂದು ನಿಮ್ಮವರಿಗೆ ಯಾರು ಹೇಳಿಕೊಟ್ಟರು ಎಂದು ಕೇಳಿದ. ಶೈಲ ನನ್ನ ಮುಖ ನೋಡಿದಳು. ಅದಕ್ಕೆ ಹಿಂದಿಯಲ್ಲಿ ಏನೆಂದು ಹೇಳುವುದು?

ಸಂಜೆ ಲಾಡ್ಜಿನಲ್ಲಿ ಶೈಲ ತನ್ನ ಲೆಕ್ಕಾಚಾರ ಹೇಳಿದಳು. ಕಿವಿ ಕೇಳದವರಿಗೆ ಅಂಗಾಲು ಚುರುಕಾಗಿರುತ್ತದೆ, ಹಿಮ ಜಾರುವ ಮುಂಚೆ ನೆಲ ಸಣ್ಣಗೆ ಅದುರಿರಬೇಕು, ಮಾವನಿಗೆ ಅದು ಗೊತ್ತಾಗಿರಬೇಕು, ಅದನ್ನೇ ಅವರ ಮನಸ್ಸು ಕೂಗು ಮಾಡಿಕೊಂಡಿರಬೇಕು. ಅವಳು ಬುದ್ಧಿವಂತೆ. ಅವಳ ಮಾತು ನನಗೂ ಸರಿ ಎನ್ನಿಸಿತು, ಈಗಲೂ ಎನ್ನಿಸುತ್ತದೆ. ಆದರೆ ನನ್ನ ಅಂಗಾಲು ಚುರುಕಿಲ್ಲ, ರಬ್ಬರ್ ಬೂಟಿನೊಳಗೆ ಮರಗಟ್ಟಿತ್ತು. ನನ್ನ ಮನಸ್ಸು ಅದೇ ಹೊತ್ತಿಗೆ ಅದೇ ಕೂಗನ್ನು ಯಾಕೆ ಮಾಡಿಕೊಂಡಿತು?

ಯಾರ ದನಿ ಅದು ಎಂದು ಯಜಮಾನರನ್ನೇ ಕೇಳಿದೆ. ಗಂಟಲು ಮುಟ್ಟಿ, ಯಾರು ಎಂದು ಬೆರಳು ತಿರುಗಿಸಿದೆ. ಸತ್ತ ಮಾವನವರ ಹೆಸರೋ, ಯಾವುದೋ ದೇವರ ಹೆಸರೋ ಬರುತ್ತದೆ, ಬಂದರೆ ಬಯ್ಯೋಣ ಎಂದು ತಯಾರಾಗಿದ್ದೆ.

"ಯಾರ ದನಿ ಅಂತ ನೋಡ್ಕಂಡು ನಿಂತಿದ್ರೆ ನಾನಿರ್ತಿದ್ನಾ?" ಎಂದರು. "ತೋಟದಲ್ಲಿ ಯಾವಾಗ್ಲಾದ್ರೂ ನೋಡಿದೀವಾ? ಕೂಗುದ್ರು, ಹೋದೆ."

ಅದೂ ನಿಜ. ನನಗೂ ಗಂಡಸಿನ ದನಿ, ಮೇಲಿನಿಂದ ಬಂತು ಎನ್ನುವುದಕ್ಕಿಂತ ಹೆಚ್ಚು ಗೊತ್ತಿಲ್ಲ.

ನನಗೆ ಕಷ್ಟವಾದದ್ದು ಆಮೇಲೆ. ಜೀವ ಉಳಿಯಿತು ಎಂದು ನಾವೆಲ್ಲ ಸಮಾಧಾನಪಟ್ಟುಕೊಳ್ಳುತ್ತಿದ್ದರೆ, ಅವರಿಗೆ ಅದರ ಪರಿವೆಯೇ ಇರಲಿಲ್ಲ. ಎಂಟು ವರ್ಷದ ಮೇಲೆ ಕಿವಿಗೆ ಒಂದು ಮಾತು ಬಿದ್ದಿತ್ತು. ಅದೇ ಅವರಿಗೆ ದೊಡ್ಡದು. ಮಂಚದ ಮೇಲೆ ಗೋಡೆಗೆ ಒರಗಿ, ಎಡಗಿವಿಯನ್ನು ನಮ್ಮ ಕಡೆ ಕೊಟ್ಟು ಕೂತಿದ್ದರು. ನಾವು ಮಾತಾಡುವಾಗ ನಮ್ಮ ಮುಖ ನೋಡುತ್ತಿರಲಿಲ್ಲ. ಬೇಕೆಂದೇ ಕಿಟಕಿಯ ಕಡೆ ನೋಡುತ್ತ, ಮಾತು ತಾನಾಗಿ ಬರುತ್ತದೇನೋ ಎಂದು ಕಾಯುತ್ತಿದ್ದರು. ಗಿರೀಶ ಚಮಚ ಬೀಳಿಸಿದ. ಅವರು ಕದಲಲಿಲ್ಲ. ಆದರೂ ಕಿವಿಯನ್ನು ತಿರುಗಿಸಲಿಲ್ಲ. ಬಾಗಿಲು ತೆಗೆದಿಟ್ಟು ನೆಂಟರನ್ನು ಕಾಯುವವರ ಹಾಗೆ ಕೂತಿದ್ದರು. ಊರಿಗೆ ಹೋದ ಮೇಲೆ ಆ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗೋಣವೇ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಅವರಿಗೆ ಮೆಲ್ಲಗೆ ಎನ್ನುವುದು ಮರೆತುಹೋಗಿರುವುದರಿಂದ ಎಲ್ಲರಿಗೂ ಕೇಳಿಸಿತು. ನಾನು ಆಗಲಿ ಎಂದು ತಲೆ ಆಡಿಸಿದೆ.

ಮಾರನೇ ದಿನ ಬೆಳಿಗ್ಗೆ ಎದ್ದವಳೇ, ಇನ್ನೊಂದು ಸಲ ಅಲ್ಲಿಗೇ ಹೋಗಬೇಕು ಎಂದೆ. ಊರಲ್ಲಿ ಈ ಪ್ರಯಾಣವೇ ಬೇಡ ಎಂದವಳು ಇವತ್ತು ಯಾಕೆ ಎಂದು ಗಿರೀಶ ಕೇಳಿದ. ಹಿಮವನ್ನು ನೆನ್ನೆ ನಾನು ಸರಿಯಾಗಿ ನೋಡಲಿಲ್ಲ ಎಂದೆ. ಅದೂ ಸುಳ್ಳಲ್ಲ.

ಅದೇ ಸುರಂಗ ದಾಟಿ ಅದೇ ಜಾಗಕ್ಕೆ ಹೋದೆವು. ರಾತ್ರಿ ಮತ್ತೆ ಹಿಮ ಬಿದ್ದು ನೆನ್ನೆಯ ಹೆಜ್ಜೆಗಳೆಲ್ಲ ಮುಚ್ಚಿಹೋಗಿದ್ದವು. ಕಟ್ಟಡದ ತಗಡಿನ ಮೇಲೆ ತೆಳ್ಳಗಿನ ಬಿಳಿ ಮಾತ್ರ. ನಾನು ಯಜಮಾನರನ್ನು ಕಟ್ಟಡದಿಂದ ಬಹಳ ದೂರ, ಏನೂ ಬೀಳಲಾಗದ ಬಯಲಿನಲ್ಲಿ, ಬೆಟ್ಟದ ಕಡೆ ಮುಖ ಮಾಡಿಸಿ ನಿಲ್ಲಿಸಿದೆ. ನೋಡುತ್ತಿರಿ, ಬಂದೆ ಎಂದು ಸನ್ನೆ ಮಾಡಿದೆ. ಬಿಸಿಲು ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಇಳಿಯುತ್ತಿತ್ತು. ಅವರು ಕೈಕಟ್ಟಿ ನಿಂತು ನೋಡುತ್ತಿದ್ದರು. ಅಷ್ಟು ಬಿಳುಪಿನಲ್ಲಿ ಆ ಒಂದು ಬೆನ್ನು ನೆಟ್ಟಗೆ, ಯಾರ ಹಂಗೂ ಇಲ್ಲದ ಹಾಗೆ ನಿಂತಿತ್ತು.

ನಾನು ಮೂವತ್ತು ಹೆಜ್ಜೆ ಎಣಿಸಿಕೊಂಡು ಹಿಂದಕ್ಕೆ ಬಂದೆ. ಶಾಲು ಕೆಳಗೆ ಎಳೆದೆ. ನೆನ್ನೆ ಕೇಳಿಸಿದ ಮಾತನ್ನೇ, ತೋಟದಲ್ಲಿ ಕೂಗುವ ಹಾಗೆ, ಹೊಟ್ಟೆಯಿಂದ, ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಜೋರಾಗಿ ಕೂಗಿದೆ.

ಕಾರಿನ ಹತ್ತಿರ ನಿಂತಿದ್ದವರೆಲ್ಲ ತಿರುಗಿದರು. ಟೀ ಮುದುಕ ತಿರುಗಿದ. ಯಜಮಾನರ ಬೆನ್ನು ಹಾಗೇ ಇತ್ತು. ಇನ್ನೊಂದು ಸಲ ಕೂಗಿದೆ. ಅವರು ಬೆಟ್ಟ ನೋಡುತ್ತಿದ್ದರು.

ಕೂಗಿದ್ದನ್ನು ಅವರಿಗೆ ಹೇಳಬೇಡಿ ಎಂದು ಮಕ್ಕಳಿಗೆ ತುಟಿಗೆ ಬೆರಳಿಟ್ಟು ತೋರಿಸಿದೆ. ಆಮೇಲೆ ದೊಡ್ಡದಾಗಿ ಬಳಸಿ ನಡೆದು, ಅವರ ಕಣ್ಣಿಗೆ ಬೀಳುವ ಹಾಗೆ ಎದುರಿಗೆ ಹೋಗಿ ನಿಂತು, ಟೀ ಕುಡಿಯೋಣ ಬನ್ನಿ ಎಂದು ಸನ್ನೆ ಮಾಡಿದೆ.